ಗೋಡೆಯ ಮೇಲಿನ ಮಸಿಗೆರೆ

ಇವರೇ,

ಅಕ್ಕನ ಕೂಸನ್ನು ಮೀಯಿಸಲು ಆಂಟಾಪ್ ಹಿಲ್‌ಗೆ ಹೋಗುತ್ತಿದ್ದೇನೆ. ಸಂಜೆಗೆ ಬರುತ್ತೇನೆ. ಗಂಜಿ ಮುಚ್ಚಿಟ್ಟಿದ್ದೇನೆ, ಉಣ್ಣಿ.

ಮೂರು ಗಂಟೆಗೆ ಗಾರೆಯವನು ಬರುತ್ತಾನೆ. ನಿನ್ನೆ ಒಲೆಯ ಕಟ್ಟೆಯನ್ನು ನಿಮ್ಮ ಹೋಟೆಲಿನದರ ಹಾಗೆ ನಿಮ್ಮ ಸೊಂಟಕ್ಕೆ ಅಳೆದು ಕಟ್ಟಿಸಿದಿರಲ್ಲ ಮಾರಾಯ್ರೇ, ಅದರ ಮೇಲೆ ಹಾಲಿಟ್ಟರೆ ಉಕ್ಕುವವರೆಗೂ ನನಗೆ ಕಾಣುವುದಿಲ್ಲ! ನನ್ನ ಸೊಂಟಕ್ಕೆ ಸರಿಯಾಗಿ ಗೋಡೆಯಲ್ಲಿ ಮಸಿಗೆರೆ ಎಳೆದಿದ್ದೇನೆ. ಅಲ್ಲಿಗೆ ಇಳಿಸಲಿ.

ಅವನು ಬರುವ ಮೊದಲು, ಹೆಣೆದಿಟ್ಟ ತೆಂಗಿನ ಮಡಲನ್ನು ಮಾಡಿನ ತಗಡಿನ ಮೇಲೆ ಹೊದೆಸಿ ಹಗ್ಗ ಬಿಗಿಯಿರಿ. ನೀವು ಮಲಗುವ ಕಡೆಗೆ ಎರಡು ಪದರ ಇರಲಿ. ಮಧ್ಯಾಹ್ನದ ನಿದ್ದೆಯೆಲ್ಲ ಬೆವರಿನಲ್ಲೇ ಹೋಗುತ್ತದೆ ನಿಮಗೆ.

ಕಟ್ಟೆ ಇಳಿಸಲು ಮನಸ್ಸಿಲ್ಲವಾದರೆ ಹಾಗೆಯೇ ಬಿಡಿ. ನಾಳೆಯಿಂದ ಮನೆಯಲ್ಲೂ ನೀವೇ ಅಡುಗೆ ಭಟ್ಟರು.

ಕಮಲಾಕ್ಷಿ