ಎಂಟು ಹಾಳೆಯ ಮದುವೆ

ಗದಗ, ಫೆಬ್ರುವರಿ 30, 2214

ಮದುವೆ ಗೊತ್ತಾಗಿ, ಫೋಟೋಗೆ ಎಷ್ಟು ಖರ್ಚು ಮಾಡುವುದೆಂದು ಯೋಚಿಸುತ್ತಿರುವ ಹಿಂದಿನ ಕಾಲದವರಿಗೆ, ಮೀನಾಕ್ಷಿ ಹೊಂಬಳ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ತಪ್ಪಲ್ಲ. ಫೆಬ್ರುವರಿಗೆ ಮೂವತ್ತು ದಿನ ಕೊಟ್ಟು ನಮ್ಮಲ್ಲಿ ಎಂಬತ್ತು ವರ್ಷವಾಯಿತು. ನನ್ನ ಕೆಲವು ಮಾತುಗಳೂ ನಿಮಗೆ ಹೊಸದಾಗಿ ಕೇಳಿಸಬಹುದು, ಕ್ಷಮಿಸಿ. ನಾನು ಬೆಳಕುಗಾರ್ತಿ, ಅಂದರೆ ಮದುವೆ ಮನೆಗಳಿಗೆ ಹೋಗಿ ಚಿತ್ರ ತೆಗೆದು ಆಲ್ಬಮ್ ಕಟ್ಟಿಕೊಡುವವಳು. ನಿಮ್ಮ ಕಾಲದ ಚಿತ್ರಗಳೆಲ್ಲ ಯಂತ್ರಗಳ ಹೊಟ್ಟೆಯಲ್ಲಿದ್ದವು. ನನ್ನ ಮುತ್ತಜ್ಜಿಯ ಕಾಲಕ್ಕೆ ಆ ಯಂತ್ರಗಳು ಒಂದೊಂದಾಗಿ ಕೆಟ್ಟು ನಿಂತವು. ಒಳಗಿದ್ದದ್ದು ಯಾರಿಗೂ ಸಿಗಲಿಲ್ಲ. ಅದನ್ನು ನಾವು ಅಳಿಕೆ ಎನ್ನುತ್ತೇವೆ. ಅಂದಿನಿಂದ ಚಿತ್ರವೆಂದರೆ ಬೆಳ್ಳಿಹಾಳೆ. ಅಂಗೈ ಅಗಲದ ಹಾಳೆ, ಮೇಲೆ ತೆಳು ಬೆಳ್ಳಿಯ ಲೇಪ. ಒಮ್ಮೆ ಬೆಳಕು ಬಿದ್ದರೆ ಅದೇ ಚಿತ್ರ, ಅದೊಂದೇ ಪ್ರತಿ. ಹಾಳೆ ತುಟ್ಟಿ. ಉಳ್ಳವರು ನಲವತ್ತು ಕೊಳ್ಳುತ್ತಾರೆ, ಸಾಧಾರಣ ಮದುವೆಗಳು ಹನ್ನೆರಡರಲ್ಲಿ ಮುಗಿಯುತ್ತವೆ.

ಹೋದ ವರ್ಷ ಶಾಂಭವಿ ಎಂಬ ಹುಡುಗಿ ನನ್ನ ಅಂಗಡಿಗೆ ಬಂದಳು. ಗುಡ್ಡದ ಮೇಲೆ ಗಾಳಿಯಿಂದ ವಿದ್ಯುತ್ ತೆಗೆಯುವ ಗಾಳಿಕಂಬಗಳನ್ನು ಹತ್ತಿ ರಿಪೇರಿ ಮಾಡುವುದು ಅವಳ ಕೆಲಸ. ಮದುವೆಯಾಗಲಿದ್ದ ಚನ್ನವೀರನೂ ಜೊತೆಗಿದ್ದ, ಅವನ ತಾಯಿ ಗುರುಸಿದ್ದವ್ವನವರೂ ಇದ್ದರು.

“ಎಂಟ ಹಾಳಿ ಅಷ್ಟ ಆಗ್ತಾವ್ರಿ ಅಕ್ಕಾರ. ಆದರ ಚೆಂದ ಆಗಬೇಕು,” ಎಂದಳು ಶಾಂಭವಿ.

ಗುರುಸಿದ್ದವ್ವನವರು ಸೆರಗಿನಿಂದ ಒಂದು ಚೀಟಿ ತೆಗೆದರು. ಚಿತ್ರದಲ್ಲಿ ಬರಲೇಬೇಕಾದ ಮೂವತ್ತೊಂದು ಜನರ ಹೆಸರು ಅದರಲ್ಲಿತ್ತು. “ಒಬ್ಬರ್ನ ಬಿಟ್ರೂ ನನಗ ಜಲ್ಮ ಪೂರ್ತಿ ಮಾತ ಬರತಾವ,” ಎಂದರು.

ಕಡಿಮೆ ಹಾಳೆಯ ಮದುವೆಗಳನ್ನು ಮಾಡಿ ಮಾಡಿ ನನಗೆ ಒಂದು ರೂಢಿ ಬಂದಿದೆ. ಮುಹೂರ್ತ ಬೆಳಿಗ್ಗೆ ಇಟ್ಟುಕೊಳ್ಳಿ ಎಂದೆ, ಏಳರಿಂದ ಒಂಬತ್ತರ ಬಿಸಿಲಿಗಿಂತ ಒಳ್ಳೆಯ ದೀಪವಿಲ್ಲ. ಹಂದರವನ್ನು ಸುಣ್ಣ ಹೊಡೆದ ಗೋಡೆಯ ಎದುರಿಗೆ ಹಾಕಿಸಿದರೆ ಆ ಬೆಳಕು ತಿರುಗಿ ಬಂದು ಮುಖದ ಮೇಲೆ ಬೀಳುತ್ತದೆ, ಬಾಡಿಗೆ ದೀಪ ಬೇಕಾಗುವುದಿಲ್ಲ. ಚೀಟಿಯಲ್ಲಿರುವವರನ್ನೆಲ್ಲ ಮೆಟ್ಟಿಲ ಮೇಲೆ ಮೂರು ಸಾಲು ನಿಲ್ಲಿಸಿ ಒಂದೇ ಹಾಳೆಯಲ್ಲಿ ಮುಗಿಸೋಣ. ಆಲ್ಬಮ್ಮಿಗೆ ಕೊಂಡ ರಟ್ಟು ಬೇಡ, ಮನೆಯ ಹಳೆಯ ಇಳಕಲ್ ಸೀರೆಯ ಸೆರಗು ತಂದುಕೊಡಿ, ಹೊದಿಕೆ ನಾನೇ ಹೊಲಿಯುತ್ತೇನೆ. ಗುರುಸಿದ್ದವ್ವನವರು ತಮ್ಮದೇ ಸೀರೆ ಕೊಡಲು ಒಪ್ಪಿದರು. ಎಂಟನೆಯ ಹಾಳೆ ತಾಳಿ ಕಟ್ಟುವ ಗಳಿಗೆಗೆ ಎಂದು ಎಲ್ಲರೂ ಸೇರಿಯೇ ತೀರ್ಮಾನಿಸಿದೆವು.

ಹೊರಡುವಾಗ ಶಾಂಭವಿ ಬಾಗಿಲಲ್ಲಿ ಒಬ್ಬಳೇ ಹಿಂದೆ ಉಳಿದಳು. “ನಮ್ಮಪ್ಪ ಒಂದ ಹಾಳ್ಯಾಗರ ಬಂದ್ರ ಚಲೋ ಇತ್ತರಿ. ಆದರ ಅಂವ ನಿಂದರೂದಿಲ್ಲ,” ಎಂದಳು. ತಂದೆ ದೊಡ್ಡಬಸಪ್ಪನವರೂ ಗಾಳಿಕಂಬದ ಕೆಲಸದವರೇ. ಅವಳು ನಾಲ್ಕು ವರ್ಷದವಳಿದ್ದಾಗ ಕಂಬದ ಮೇಲೆ ಎಣ್ಣೆಗೆ ಬೆಂಕಿ ಹತ್ತಿ ಅವರ ಎಡಗೆನ್ನೆ ಸುಟ್ಟಿತ್ತು. ಅಂದಿನಿಂದ ಟವೆಲ್ಲಿನಿಂದ ಅರ್ಧ ಮುಖ ಮುಚ್ಚಿಕೊಂಡೇ ಓಡಾಡುತ್ತಿದ್ದರು, ಯಾವ ಚಿತ್ರಕ್ಕೂ ನಿಂತಿರಲಿಲ್ಲ.

ಮದುವೆಯ ದಿನ ಏಳು ಹಾಳೆ ಎಣಿಸಿದಂತೆ ಆದವು. ಮೆಟ್ಟಿಲ ಮೇಲೆ ಮೂವತ್ತೊಂದು ಜನರನ್ನೂ ಗುರುಸಿದ್ದವ್ವನವರೇ ಹೆಸರು ಕರೆದು ನಿಲ್ಲಿಸಿದರು. ಗಿಡ್ಡಗಿದ್ದ ಭಾವನೊಬ್ಬ ಹಿಂದೆ ಸರಿದಾಗ ತೋಳು ಹಿಡಿದು ಮುಂದೆ ಎಳೆದರು. ಅಕ್ಷತೆಯ ಅಕ್ಕಿಕಾಳು ಹಂಚಿದರು. ಚನ್ನವೀರ ತಾಳಿ ಕೈಗೆತ್ತಿಕೊಂಡ. ನಾನು ಕೊನೆಯ ಹಾಳೆ ಹಾಕಿ ಕಣ್ಣು ಕಿರಿದು ಮಾಡಿ ನಿಂತೆ.

ಆಗ ಹಂದರದ ಕಂಬದ ಹಿಂದಿನಿಂದ ದೊಡ್ಡಬಸಪ್ಪನವರು ಎರಡು ಹೆಜ್ಜೆ ಮುಂದೆ ಬಂದರು. ಎಲ್ಲರ ಕಣ್ಣೂ ಮಗಳ ಕಡೆ ಇದೆಯೆಂಬ ಧೈರ್ಯವಿರಬೇಕು. ಟವೆಲ್ ಜಾರಿ ಹೆಗಲಿಗೆ ಬಿದ್ದಿತ್ತು. ಗೋಡೆಯಿಂದ ತಿರುಗಿದ ಬೆಳಕು ಪೂರ್ತಿ ಅವರ ಮುಖದ ಮೇಲಿತ್ತು. ಕ್ಯಾಮೆರಾ ಅತ್ತ ತಿರುಗಿಸಿ ಗುಂಡಿ ಒತ್ತಿದೆ. ವಾದ್ಯ ಜೋರಾಯಿತು, ಅಕ್ಕಿಕಾಳು ಬಿದ್ದವು, ತಾಳಿ ಕಟ್ಟಿ ಆಯಿತು.

ನಾನು ತಿರುಗಿದ್ದನ್ನು ಗುರುಸಿದ್ದವ್ವನವರು ನೋಡಿದ್ದರು. “ತಾಳಿ ಕಟ್ಟೂ ಹೊತ್ತಿನ್ಯಾಗ ಅತ್ಲಾಗ ಯಾಕ ತಿರುಗಿದ್ರಿ?”

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

“ನಮ್ಮ ಮನಿತನದಾಗ ತಾಳಿ ಫೋಟೋ ಇಲ್ಲದ ಮದುವಿ ಇದ ಮೊದಲನೇದು,” ಎಂದು ಊಟದ ಪಂಕ್ತಿಯ ಕಡೆ ಹೋದರು.

ಮೂರನೆಯ ದಿನ ದೊಡ್ಡಬಸಪ್ಪನವರನ್ನು ಅಂಗಡಿಗೆ ಕರೆಸಿದೆ. ಹಾಳೆಯನ್ನು ಮೇಜಿನ ಮೇಲಿಟ್ಟು, “ಕೇಳದ ತಗದೀನ್ರಿ, ತಪ್ಪಾತು. ಬ್ಯಾಡ ಅಂದ್ರ ಈಗ ನಿಮ್ಮ ಮುಂದನ ಹರೀತೀನಿ,” ಎಂದೆ. ಅವರು ಅದನ್ನು ಬಾಗಿಲ ಬೆಳಕಿಗೆ ಒಯ್ದು ಬಹಳ ಹೊತ್ತು ನೋಡಿದರು. ಬೆರಳಿನಿಂದ ಚಿತ್ರದ ಕೆನ್ನೆಯನ್ನು ಮುಟ್ಟಿದರು.

“ಇಷ್ಟ ಏನ್ರಿ ಇದು?” ಎಂದರು. ನನಗೆ ಅರ್ಥವಾಗಲಿಲ್ಲ. “ಹದಿನೆಂಟು ವರ್ಷ ಆತು ಕನ್ನಡಿ ನೋಡಿಲ್ಲ. ಗಡ್ಡ ಮಾಡಿಸೋವಾಗೂ ಕಣ್ಣ ಮುಚ್ಚತೀನಿ. ಭಾಳ ಕೆಟ್ಟ ಇರಬೇಕು ಅನ್ಕೊಂಡಿದ್ದೆ.” ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. “ಆಕಿಗೆ ಕೊಡ್ರಿ.”

ಹೋಗುವಾಗ ಟವೆಲ್ ಮತ್ತೆ ಮುಖಕ್ಕೆ ಸುತ್ತಿಕೊಂಡೇ ಹೋದರು. ಒಂದು ಚಿತ್ರದಿಂದ ಎಲ್ಲ ಬದಲಾಯಿತೆಂದು ನಾನು ಬರೆಯಲಾರೆ.

ಆಲ್ಬಮ್ ಒಯ್ಯಲು ಗುರುಸಿದ್ದವ್ವನವರೇ ಬಂದರು. ಪುಟ ತಿರುವುತ್ತ ಕೊನೆಯದಕ್ಕೆ ಬಂದಾಗ ಆಲ್ಬಮನ್ನು ಹತ್ತಿರಕ್ಕೆ ಎಳೆದುಕೊಂಡರು. ಸೊಸೆಯ ತಂದೆಯ ಪೂರ್ತಿ ಮುಖವನ್ನು ಅವರು ನೋಡಿದ್ದೂ ಅದೇ ಮೊದಲು. ಚಿತ್ರದಲ್ಲಿ ದೊಡ್ಡಬಸಪ್ಪನವರ ಬಾಯಿ ಸ್ವಲ್ಪ ತೆರೆದಿತ್ತು, ಎರಡೂ ಮುಷ್ಟಿಯಲ್ಲಿ ಅಕ್ಕಿಕಾಳು, ಕಣ್ಣು ತುಂಬಿತ್ತು.

“ಪೆನ್ ಐತೇನ್ರಿ?” ಎಂದರು ಕೊನೆಗೆ. “ಇದರ ಕೆಳಗ ಬರೀರಿ. ‘ತಾಳಿ ಕಟ್ಟೂ ಹೊತ್ತಿನ್ಯಾಗ ಹುಡುಗಿ ಅಪ್ಪ ನೋಡಾಕ ಹತ್ತಿದ್ರು’ ಅಂತ.”

ಅವರು ಹೇಳಿದ ಹಾಗೆಯೇ ಬರೆದುಕೊಟ್ಟೆ.

ನಿಮಗೆ ಚಿತ್ರಗಳಿಗೆ ಕೊರತೆಯಿಲ್ಲವೆಂದು ಓದಿದ್ದೇನೆ, ಕೊರತೆ ಹಣದ್ದು ಮಾತ್ರವಂತೆ. ಹಾಗಾದರೆ ದೊಡ್ಡ ಆಲ್ಬಮ್ ಬಿಡಿ, ಕೆಲವನ್ನೇ ಆರಿಸಿ ಕಾಗದಕ್ಕೆ ತನ್ನಿ. ನನ್ನ ಬೇಡಿಕೆ ಬೇರೆ. ಚಿತ್ರ ತೆಗೆಯುವವರಿಗೆ ಬರಬೇಕಾದವರ ಪಟ್ಟಿ ಕೊಡುವಾಗ, ಬರಲೊಲ್ಲದವರ ಹೆಸರನ್ನೂ ಹೇಳಿ. ಮದುವೆಗೆ ಮೊದಲೇ ಒಮ್ಮೆ ಅವರ ಹತ್ತಿರ ಕೂತು ಯಾಕೆಂದು ಕೇಳಿ. ನಾನು ಕೇಳಿರಲಿಲ್ಲ. ದೊಡ್ಡಬಸಪ್ಪನವರು ದೊಡ್ಡ ಮನಸ್ಸು ಮಾಡಿದರು, ಎಲ್ಲರೂ ಮಾಡಬೇಕೆಂದಿಲ್ಲ.