ಕಾಲು ಹಿಡಿಯುವ ಮುನ್ನ

ನವೆಂಬರ್ ೪, ಸೋಮವಾರ

ಎಂಟನೇ ತರಗತಿಯ ಕಾಂಪೊಸಿಷನ್ ಅರ್ಧ ತಿದ್ದಿ ಹಾಗೇ ಇಟ್ಟಿದ್ದೇನೆ. ಸಂಜೆ ಮಾರ್ಕೆಟ್ಟಿನಿಂದ ಪಪ್ಪಾಯಿ, ಅನಾನಸ್, ಒಂದು ಚಿಪ್ಪು ಬಾಳೆ ತಂದೆ. ಅಮ್ಮ ಪಪ್ಪಾಯಿ ಮೂಗಿಗೆ ಹಿಡಿದಳು.

"ಇದು ಗುರುವಾರದ ತನಕ ತಡೆಯಲ್ಲ. ದೇವರಿಗೆ ಕೊಳೆತದ್ದು ಕೊಡ್ತೀಯಾ?"

ಮತ್ತೆ ಹೋಗಿ ಬದಲಾಯಿಸಿ ತಂದೆ. ಗುರುವಾರ ಥ್ಯಾಂಕ್ಸ್‌ಗಿವಿಂಗ್. ಹಣ್ಣಿನ ಬುಟ್ಟಿ ದೇವರಿಗೊಪ್ಪಿಸಿ ಕೃತಜ್ಞತೆ ಹೇಳುವ ಹಬ್ಬ. ಬುಕ್ಯಾನನ್ ಊರಿನ ಅರ್ಧ ಬುಟ್ಟಿಗಳು ನಮ್ಮ ಚರ್ಚಿನ ಪೀಠದ ಮುಂದೆಯೇ ಇರುತ್ತವೆ. ಆರಾಧನೆ ಮುಗಿದ ಮೇಲೆ ಚರ್ಚಿನ ಖರ್ಚಿಗೆ ಅವುಗಳ ಹರಾಜು.

ಬುಟ್ಟಿಗೆ ತಾಳೆಗರಿ ಸುತ್ತುತ್ತಿದ್ದಾಗ ಮದರ್ ಅಗಸ್ಟಾ ಬಂದಳು. ಥ್ಯಾಂಕ್ಸ್‌ಗಿವಿಂಗ್ ಕಮಿಟಿಯ ಅಧ್ಯಕ್ಷೆ. ಕೂರುವ ಮೊದಲೇ ಮಾತು ಶುರು.

"ಮಿನಾ, ಈ ಸಲ ಬ್ರದರ್ ತೋಗ್ಬಾ, ದೇವರು ತಮ್ಮನ್ನ ಹೇಗೆ ತಿದ್ದಿದ ಅಂತ ಸಾಕ್ಷಿ ಹೇಳ್ತಾರೆ. ಆಮೇಲೆ ಎಲ್ಲರೆದುರು ನಿಮ್ಮಮ್ಮನ ಕಾಲು ಹಿಡೀತಾರೆ."

"ಯಾಕೆ?"

"ಯಾಕೆ ಅಂದ್ರೆ? ಊರಿನ ತಾಯಂದಿರಿಗೆಲ್ಲ ಹಿರಿಯಳು ಅವಳೇ ತಾನೆ."

"ಯಾವ ತಪ್ಪಿಗೆ ಅಂತ ಹೇಳ್ತಾರಾ?"

"ಅಯ್ಯೋ ಟೀಚರಮ್ಮ, ಎಲ್ಲದಕ್ಕೂ ಪ್ರಶ್ನೆಪತ್ರಿಕೆ ತೆಗೀಬೇಡ. ಚರ್ಚಿಗೆ ತಗಡು ಹೊದಿಸಿಕೊಟ್ಟವರು ಅವರು. ಮಳೇಲಿ ನೆನೀತಾ ಹಾಡಿದ್ದು ಮರೆತೋಯ್ತಾ?"

ಅಮ್ಮ ಒಳಗೆ ತಾಳೆಕಾಯಿ ಕುಟ್ಟುತ್ತಿದ್ದಳು. ಒನಕೆಯ ಸದ್ದು ನಿಂತಿತು. ಮತ್ತೆ ಶುರುವಾಯಿತು.

ನಮ್ಮಲ್ಲಿ ಹಿರಿಯರ ಮುಂದೆ ಒಬ್ಬ ನಿಮ್ಮ ಕಾಲು ಹಿಡಿದರೆ ಅವನ ತಲೆ ಮುಟ್ಟಿ "ಏಳು, ಆಯ್ತು" ಅನ್ನಬೇಕು. ಅಂದರೆ ಮುಗಿಯಿತು. ಆ ಮಾತು ಮತ್ತೆ ಎತ್ತುವಂತಿಲ್ಲ, ನೀವೂ, ನಿಮ್ಮ ಮಕ್ಕಳೂ. ಆದರೆ ಹಳಬರ ಕಾಲದಲ್ಲಿ ಒಂದು ಷರತ್ತಿತ್ತು. ಕಾಲು ಹಿಡಿಯುವ ಮುನ್ನ ತಪ್ಪು ಏನೆಂದು ಬಾಯಿಬಿಟ್ಟು ಹೇಳಬೇಕು. ಈಗ ಆ ಭಾಗ ಬಿಟ್ಟಿದ್ದಾರೆ. ಉಳಿದದ್ದು ಇಟ್ಟುಕೊಂಡಿದ್ದಾರೆ.

ನವೆಂಬರ್ ೬

ರೆವರೆಂಡ್ ಪೇಗಾರ್ ಮನೆಗೇ ಬಂದರು. ಒಳ್ಳೆಯ ಮನುಷ್ಯ. ಅದೇ ಕಷ್ಟ.

"ಕ್ಷಮೆ ನಮ್ಮ ಧರ್ಮದ ಬೆನ್ನುಮೂಳೆ, ಸಿಸ್ಟರ್."

"ಕ್ಷಮಿಸಲ್ಲ ಅಂತ ನಾನು ಹೇಳಿಲ್ಲ, ಪಾಸ್ಟರ್. ಏನನ್ನ ಕ್ಷಮಿಸ್ಬೇಕು ಅಂತ ಕೇಳ್ತಿದೀನಿ."

"ಅದು ಎಲ್ರಿಗೂ ಗೊತ್ತಿರೋದೇ..."

"ಗೊತ್ತಿದ್ರೆ ಹೇಳೋದಕ್ಕೇನು ಕಷ್ಟ?"

ಅವರು ಹಣೆ ಒರೆಸಿಕೊಂಡರು. ಅಮ್ಮ ಮೂಲೆಯಿಂದ, "ಪಾಸ್ಟರ್, ನಾನು ಬರ್ತೀನಿ. ಇನ್ನೂ ಕಾಲಿದೆ," ಅಂದಳು. ಅದು ಒಪ್ಪಿಗೆಯೋ ಕುಹಕವೋ ಅವರಿಗೂ ತಿಳಿಯಲಿಲ್ಲ, ನನಗೂ.

ಗೊತ್ತಿರುವುದು ಇಷ್ಟು. ೨೦೦೩, ಅಂತರ್ಯುದ್ಧದ ಕೊನೆಯ ಮಳೆಗಾಲ. ನನ್ನ ತಮ್ಮ ಗಾರ್ಸುವಾನಿಗೆ ಹತ್ತೊಂಬತ್ತು. ಸೇತುವೆಯ ಚೆಕ್‌ಪೋಸ್ಟಿನಲ್ಲಿ ಹಿಡಿದುಕೊಂಡರು. ಆ ಚೆಕ್‌ಪೋಸ್ಟಿನ ಯಜಮಾನನನ್ನು ಅವನ ಬಂದೂಕಿನ ಹುಡುಗರು 'ಕಮಾಂಡರ್ ನೋ ಗುಡ್‌ಬೈ' ಅನ್ನುತ್ತಿದ್ದರು. ಈಗ ಅವನು ಬ್ರದರ್ ಅಮೋಸ್ ತೋಗ್ಬಾ. ಅಮ್ಮ ಓಡಿಹೋಗಿ ಅವನ ಕಾಲು ಹಿಡಿದಳು. ಬೂಟುಗಾಲು, ಕೆಸರು ಮೆತ್ತಿದ್ದು. ನಾನು ಹಿಂದೆ ನಿಂತಿದ್ದೆ. ಅವನು, "ಹೋಗು ತಾಯಿ, ಸಂಜೆಗೆ ಬರ್ತಾನೆ," ಅಂದ.

ನವೆಂಬರ್ ೭, ಗುರುವಾರ. ಸಂಜೆ

ಅಕ್ಷರ ಕೆಟ್ಟದಾಗಿದೆ, ಇರಲಿ.

ಚರ್ಚಿನ ತುಂಬ ಹಣ್ಣಿನ ವಾಸನೆ. ಜನ ಕೃತಜ್ಞತೆಯ ಹಾಡು ಹಾಡಿದರು. ಅಮ್ಮನ ತುಟಿ ಅಲುಗಲಿಲ್ಲ. ನಾನು ಹಾಡಿದೆ, ಅರ್ಧ. ಯಾವುದಕ್ಕೆ ಥ್ಯಾಂಕ್ಸ್ ಎಂದು ತಿಳಿಯದೆ ಹಾಡಿದರೆ ಅದು ದೇವರಿಗೆ ಮುಟ್ಟುತ್ತದೋ, ತಗಡಿಗೆ ತಗುಲಿ ವಾಪಸ್ ಬರುತ್ತದೋ...

ತೋಗ್ಬಾ ಮೈಕು ಹಿಡಿದ. ಬಿಳಿ ಅಂಗಿ, ಇಸ್ತ್ರಿಯ ಗೆರೆ.

"ಯುದ್ಧದಲ್ಲಿ ಎಲ್ಲರೂ ತಪ್ಪು ಮಾಡಿದ್ವಿ. ನಾನೂ ಮನುಷ್ಯನೇ. ಗೊತ್ತಿದ್ದೋ ಗೊತ್ತಿಲ್ಲದೆಯೋ ಯಾರಿಗಾದ್ರೂ ನೋವಾಗಿದ್ರೆ..."

ಚಪ್ಪಾಳೆ. ಅಮ್ಮನನ್ನು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿ ಕೂರಿಸಿದ್ದರು. ಅವನು ಕೆಳಗಿಳಿದು ಬರತೊಡಗಿದ. ಫೋಟೋದವನೂ ಹಿಂದೆ.

ಯೋಚಿಸಲಿಲ್ಲ. ಎದ್ದು ಹೋಗಿ ಅಮ್ಮನೆದುರು ನೆಲದ ಮೇಲೆ ಕೂತೆ, ಅವನಿಗೆ ಬೆನ್ನು ಹಾಕಿ. ಅವಳ ಎರಡೂ ಪಾದ ಎತ್ತಿ ಮಡಿಲಲ್ಲಿಟ್ಟುಕೊಂಡು ಸೊಂಟಕ್ಕೆ ಉಟ್ಟಿದ್ದ ಲಾಪಾ ಬಟ್ಟೆಯ ಸೆರಗು ಸುತ್ತಿದೆ. ಹಿಮ್ಮಡಿ ಒಡೆದಿತ್ತು. ತಣ್ಣಗಿತ್ತು.

"ಸಿಸ್ಟರ್, ಜಾಗ ಬಿಡಿ," ಅಂದ ಮೆಲ್ಲಗೆ.

"ಮೊದಲು ಹೆಸರು ಹೇಳಿ."

"ಯಾರ ಹೆಸರು?"

"ಎಷ್ಟು ಹೆಸರಿದಾವೆ ನಿಮ್ಮ ಹತ್ರ? ನಮ್ಮದು ಒಂದೇ."

ಅವನ ಕೈಯಲ್ಲಿ ಮೈಕು ಇನ್ನೂ ಇತ್ತು. ಹಿಂದಿನ ಬೆಂಚಿನವರಿಗೂ ಕೇಳಿಸಿತು. ಕೊನೆಗೆ ರೆವರೆಂಡ್ ಗಾಯಕವೃಂದಕ್ಕೆ ಸನ್ನೆ ಮಾಡಿದರು. ಬೂಟಿನ ಸದ್ದು ಹಿಂದಕ್ಕೆ ಹೋಯಿತು.

ಅಮ್ಮನ ಕೈ ತಲೆಯ ಮೇಲೆ ಬಂತು. "ಎದ್ದೇಳು, ಸೊಂಟ ಹಿಡ್ಕೊಳತ್ತೆ."

ಹರಾಜಿನಲ್ಲಿ ನಮ್ಮ ಬುಟ್ಟಿಯನ್ನು ಯಾರೂ ಕೇಳಲಿಲ್ಲ. ಅಗಸ್ಟಾ ಎರಡು ಸಲ ಎತ್ತಿ ತೋರಿಸಿದಳು. ಯಾರದೂ ಕೈ ಏಳಲಿಲ್ಲ. ಅಮ್ಮ ಹೋಗಿ ಬುಟ್ಟಿ ತಲೆಗೇರಿಸಿಕೊಂಡಳು. "ಕೊಳೆತಿಲ್ಲ ಇದು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನಡೆದಳು. ದಾರಿಯುದ್ದಕ್ಕೂ ಆಟೋದವರಿಗೆ ಹಂಚಿದಳು. ಮನೆಗೆ ಬಂದದ್ದು ಖಾಲಿ ಬುಟ್ಟಿ.

ಅವಳನ್ನು ಒಂದು ಮಾತು ಕೇಳಲಿಲ್ಲ ನಾನು. ಕ್ಷಮಿಸುವುದಾದರೂ ಬಿಡುವುದಾದರೂ ಅವಳ ಹಕ್ಕು. ಅದನ್ನು ನಾನು ಕಿತ್ತುಕೊಂಡೆನೆ? ಅಮ್ಮನೊಡನೆಯೇ ಹೇಳಿಕೊಂಡೆ.

"ನನ್ನ ಕಾಲು. ಕೇಳ್ಬೇಕಿತ್ತು," ಅಂದಳು. ಖಾಲಿ ಬುಟ್ಟಿ ಮೊಳೆಗೆ ನೇತುಹಾಕುತ್ತ, "ಕೇಳಿದ್ರೆ ಬೇಡ ಅಂತಿದ್ದೆ. ಕೇಳದೆ ಮಾಡಿದ್ದೇ ಸರಿಹೋಯ್ತು."

ನವೆಂಬರ್ ೧೯

ಚರ್ಚಿನಲ್ಲಿ ಬೈಬಲ್ ಪಾಠ ಓದುವವರ ಸರದಿಯಿಂದ ನನ್ನ ಹೆಸರು ಹೋಗಿದೆ. ಯಾರೂ ಹೇಳಲಿಲ್ಲ. ಹೇಳದಿರುವುದೇ ನಮ್ಮಲ್ಲಿ ಹೇಳುವ ರೀತಿ. ಶಾಲೆಯೂ ಚರ್ಚಿನದೇ. ಪ್ರಿನ್ಸಿಪಾಲರು ಇವತ್ತು, "ಮಿಸ್, ಜನವರಿಯಿಂದ ಒಳನಾಡಿನ ಬ್ರಾಂಚಿಗೆ ಹೋಗೋಕೆ ಇಷ್ಟ ಇದೆಯಾ, ಹವಾ ಚೆನ್ನಾಗಿರತ್ತೆ," ಅಂದರು. ಇಲ್ಲಿನ ಹವಾ ಸಾಕು ಸರ್, ಅಂದೆ.

ಸೇಡು ನನಗೆ ಬೇಕೆ? ಪ್ರಾಮಾಣಿಕವಾಗಿ ಕೇಳಿಕೊಳ್ಳುತ್ತೇನೆ. ಅವನು ಬೀಳಬೇಕು ಎಂದು ಕೆಲವು ದಿನ ಅನ್ನಿಸುತ್ತದೆ. ಹೆಚ್ಚಿನ ದಿನ ಬೇಕಾಗಿರುವುದು ನೆಲದ ಒಂದು ತುಂಡು. ಮಾರ್ಚಿನಲ್ಲಿ ಊರಿಗೆ ಊರೇ ಸಮಾಧಿಗಳಿಗೆ ಸುಣ್ಣ ಬಳಿದು ಹೂ ಇಡುತ್ತದೆ. ಅಮ್ಮ ಅಜ್ಜಿಯ ಸಮಾಧಿಗೆ ಇಟ್ಟು, ಪಕ್ಕದ ಬರಿ ನೆಲದ ಮೇಲೂ ಒಂದು ಹೂ ಇಡುತ್ತಾಳೆ. ಪಕ್ಕದ ಸಮಾಧಿಗೆ ಬಂದವರು ಆ ಹೂವಿನ ಮೇಲೆ ಕಾಲಿಟ್ಟು ದಾಟುತ್ತಾರೆ. ಅವರ ತಪ್ಪಲ್ಲ. ಅಲ್ಲಿ ಯಾರೂ ಇಲ್ಲವಲ್ಲ.

ಡಿಸೆಂಬರ್ ೧, ಭಾನುವಾರ

ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲ ಶುರು. ಪೀಠಕ್ಕೆ ನೇರಳೆ ಬಟ್ಟೆ, ಮೊದಲ ಮೊಂಬತ್ತಿ. ಉತ್ತರದ ಒಣ ಗಾಳಿ ಬೀಸಿ ಎಲ್ಲದರ ಮೇಲೂ ಧೂಳು.

ರೆವರೆಂಡ್ ಕಾಯುವುದರ ಸೌಂದರ್ಯದ ಬಗ್ಗೆ ಮಾತಾಡಿದರು. ಕಾಯುವುದರಲ್ಲಿ ಏನು ಸೌಂದರ್ಯ? ಇಪ್ಪತ್ತೊಂದು ವರ್ಷದಿಂದ ಅಮ್ಮ ಕತ್ತಲಾಗುವವರೆಗೆ ಮುಂಬಾಗಿಲಿಗೆ ಚಿಲಕ ಹಾಕಲು ಬಿಡುವುದಿಲ್ಲ. ಕಳ್ಳರು ಎಂದರೆ, "ಸಂಜೆ ಕಳೀಲಿ," ಅನ್ನುತ್ತಾಳೆ. ಗಾರ್ಸುವಾನ ಆತ್ಮಕ್ಕೆ ಪ್ರಾರ್ಥನೆ ಮಾಡಿಸೋಣ ಎಂದಾಗಲೂ ಅದೇ. ಬದುಕಿಲ್ಲವೆಂದು ಅವಳಿಗೆ ಗೊತ್ತು. ಆದರೆ ಒಬ್ಬ ಹೇಳಿದ ಸುಳ್ಳನ್ನು ಅವನೇ ವಾಪಸ್ ತೆಗೆದುಕೊಳ್ಳುವವರೆಗೆ ಇವಳು ಬಿಡುವುದಿಲ್ಲ. ಮೃದುವಾದ ಕಾಯುವಿಕೆಯಲ್ಲ ಅದು. ಹಟ.

ಹಾಗೆ ಯೋಚಿಸಿದರೆ ಈ ಕಾಲವೂ ಅದೇ ತಾನೆ? ಬರುವವನು ಮಗುವಾಗಿ ಬರುತ್ತಾನೆ, ನ್ಯಾಯ ಕೇಳುವವನಾಗಿಯೂ ಬರುತ್ತಾನೆ. ನಾವು ಮಗುವಿನ ಭಾಗವನ್ನಷ್ಟೇ ಹಾಡುತ್ತೇವೆ. ಮೊದಲ ಸಲ ಆ ನೇರಳೆ ಬಟ್ಟೆ ನಮ್ಮ ಮನೆಯದು ಅನ್ನಿಸಿತು.

ಡಿಸೆಂಬರ್ ೧೫, ಆಗಮನದ ಮೂರನೆಯ ಭಾನುವಾರ

ಇವತ್ತು ಓದುವ ಸರದಿ ಅಗಸ್ಟಾಳದು. ಗಂಟೆ ಹೊಡೆಯುವ ಮೊದಲು ನನ್ನ ಬೆಂಚಿಗೆ ಬಂದಳು.

"ಧೂಳಿಗೆ ಗಂಟಲು ಕಟ್ಟಿದೆ ಕಣೆ. ನೀನೇ ಓದಿಬಿಡು."

ಗಂಟಲು ಚೆನ್ನಾಗೇ ಇತ್ತು. ಐದು ನಿಮಿಷದ ಹಿಂದೆ ಹೊಸಿಲಲ್ಲಿ ಯಾರನ್ನೋ ಗದರುತ್ತಿದ್ದಳು.

"ನನ್ನ ಹೆಸರು ತೆಗೆದಿದ್ದಾರೆ, ಮದರ್."

"ತೆಗೆದವಳು ನಾನೇ. ಹಾಕೋಕೆ ಬರಲ್ವಾ?" ಆಮೇಲೆ ನನ್ನ ಮುಖ ನೋಡದೆ, "ನನ್ನ ಅಣ್ಣನೂ ಆ ಸೇತುವೆ ದಾಟೋಕೆ ಹೋದವನೇ. ಹೋಗು, ಗಟ್ಟಿಯಾಗಿ ಓದು."

ಪಾಠ ಸ್ನಾನಿಕ ಯೋಹಾನನದು. ಜನ ಗುಂಪುಗುಂಪಾಗಿ ನದಿಗೆ ಬರುತ್ತಾರೆ, ಮುಳುಗಿ ಎದ್ದರೆ ಪಾಪ ತೊಳೆದು ಆಯಿತೆಂದು. ಅವನು ಬನ್ನಿ ಅನ್ನುವುದಿಲ್ಲ, ಬೈಯುತ್ತಾನೆ. ಮನಸ್ಸು ತಿರುಗಿದ್ದು ನಿಜವಾದರೆ ಬದುಕಿ ತೋರಿಸಿ ಅನ್ನುತ್ತಾನೆ. ಹಾಗಾದರೆ ನಾವೇನು ಮಾಡಬೇಕು ಎಂದು ಒಬ್ಬೊಬ್ಬರೇ ಕೇಳುತ್ತಾರೆ. ಸೈನಿಕರೂ ಕೇಳುತ್ತಾರೆ.

ಅಷ್ಟು ಸಲ ಓದಿದ್ದೇನೆ, ಸೈನಿಕರು ಆ ಸಾಲಿನಲ್ಲಿದ್ದಾರೆಂದು ಗಮನಿಸಿರಲಿಲ್ಲ. ಅಲ್ಲಿ ನಿಲ್ಲಿಸಿದೆ. ಕಣ್ಣೆತ್ತಿ ಮೂರನೆಯ ಬೆಂಚು ನೋಡಿದೆ. ತೋಗ್ಬಾ ನೆಲ ನೋಡುತ್ತಿದ್ದ. ಅವನು ತಲೆ ಎತ್ತುವವರೆಗೆ ಮುಂದೆ ಓದಲಿಲ್ಲ. ಯಾರೋ ಕೆಮ್ಮಿದರು. ರೆವರೆಂಡ್ ಕೆಮ್ಮಿದರು. ಎತ್ತಿದ. ಮುಂದೆ ಓದಿದೆ.

ಪಾಠವನ್ನು ಕಲ್ಲಿನ ಹಾಗೆ ಎಸೆದೆನೆ? ಇರಬಹುದು. ಆದರೆ ಒಂದು ಮಾತನ್ನೂ ನಾನು ಸೇರಿಸಲಿಲ್ಲ.

ಡಿಸೆಂಬರ್ ೧೯, ಗುರುವಾರ. ಬೆಳಿಗ್ಗೆ

ಹಲ್ಲುಜ್ಜುತ್ತಿದ್ದೆ. ಬೇಲಿಯ ಹತ್ತಿರ ತೋಗ್ಬಾ. ನಡೆದು ಬಂದಿದ್ದ, ಒಬ್ಬನೇ. ಹಿರಿಯರಿಲ್ಲ, ಬುಟ್ಟಿ ಇಲ್ಲ. ಅಂಗಿಯ ಗುಂಡಿ ತಪ್ಪಿ ಹಾಕಿಕೊಂಡಿದ್ದ.

"ಟೀಚರ್... ನೀವು ಓದಿದ್ರಲ್ಲ. ಸೈನಿಕರು ಕೇಳಿದ್ದು." ಬೇಲಿಯ ಗೂಟ ಹಿಡಿದ. "ನಾನೇನು ಮಾಡ್ಬೇಕು?"

ಪೇಸ್ಟ್ ಉಗುಳಲು ಪಕ್ಕಕ್ಕೆ ಬಗ್ಗಿದೆ. ಅಡುಗೆಮನೆಯಿಂದ ಅಮ್ಮ ಹೇಳಿದಳು.

"ತೋರಿಸ್ಬೇಕು."

"ಅಲ್ಲಿ ಈಗ ಏನೂ ಇಲ್ಲ ತಾಯಿ. ಯಾರೋ ಮರಗೆಣಸು ಹಾಕಿದಾರೆ."

"ನೆಲ ಇದೆ ತಾನೆ?"

"...ಇದೆ."

"ಹಾಗಾದ್ರೆ ತೋರಿಸು."

ಮಂಗಳವಾರ ಬರುತ್ತೇನೆ ಅಂದ. ಬರುವವರೆಗೆ ನಂಬಿಕೆಯಿಲ್ಲ. "ಸಂಜೆಗೆ" ಅಂದವನಲ್ಲವೆ? ಅಮ್ಮ ಮಾತ್ರ ಒಲೆ ಊದುತ್ತ, "ಈ ಸಲ ಅವನು ಕಾಯ್ತಾನೆ, ನಾವಲ್ಲ," ಅಂದಳು.

ಡಿಸೆಂಬರ್ ೨೪, ಮಧ್ಯಾಹ್ನ

ಅಮ್ಮ ಮುಂಬಾಗಿಲಿಗೆ ಚಿಲಕ ಹಾಕಿ ಮಲಗಿದ್ದಾಳೆ. ಹೊರಗೆ ಇನ್ನೂ ಸುಡುಬಿಸಿಲು.

ಬಂದ. ಪಿಕಪ್ ತಂದಿದ್ದ. ಅಗಸ್ಟಾ ಕರೆಯದೆಯೇ ಬಂದು ಹಿಂದೆ ಹತ್ತಿ ಕೂತಳು. "ಏನು ನೋಡ್ತೀಯಾ, ಗಾಡಿ ನಿಮ್ಮಪ್ಪನದಾ?" ಅಂದಳು ನನಗೆ. ಸೇತುವೆ ದಾಟುವಾಗ ಯಾರೂ ಮಾತಾಡಲಿಲ್ಲ.

ದೊಡ್ಡ ಬೂರುಗದ ಮರ. ಅದರಾಚೆ ಗೆಣಸಿನ ಹೊಲ. ಅವನು ಮರಕ್ಕೆ ಬೆನ್ನು ಕೊಟ್ಟು, ಹಳ್ಳದ ಕಡೆ ನೋಡಿ, ಸಾಲುಗಳ ನಡುವೆ ನಡೆದು ನಿಂತ.

"ಇಲ್ಲಿ."

"ಯಾರು?" ಅಂದಳು ಅಮ್ಮ.

"ಗಾರ್ಸುವಾ." ಅವನ ಬಾಯಲ್ಲಿ ಆ ಹೆಸರು ಮೊದಲ ಸಲ ಕೇಳಿದೆ. "ಇನ್ನೂ ಇಬ್ಬರು. ಅವರ ಹೆಸರು ನಾನು ಕೇಳ್ಲಿಲ್ಲ. ಗುಂಡು ಹೊಡೆದವರು ಹುಡುಗರು. ಹೊಡೀರಿ ಅಂದದ್ದು ನಾನು."

ಅಗಸ್ಟಾ ಸೆರಗು ಬಾಯಿಗೊತ್ತಿಕೊಂಡಳು.

"ಯಾವಾಗ?"

"ಬೆಳಿಗ್ಗೆ. ನೀವು ಬಂದು ನನ್ನ ಕಾಲು ಹಿಡಿಯೋಕೆ ಮುಂಚೆ."

"ಮತ್ತೆ ಸಂಜೆಗೆ ಬರ್ತಾನೆ ಅಂದದ್ದು?"

"ನಿಮ್ಮನ್ನ ಅಲ್ಲಿಂದ ಕಳಿಸೋಕೆ."

ಅಮ್ಮ ಕೂತಳು. ಗೆಣಸಿನ ಎರಡು ಗಿಡಗಳ ನಡುವೆ ಕಳೆ ಕಿತ್ತು ಅಂಗೈಯಗಲ ನೆಲ ಚೊಕ್ಕಟ ಮಾಡಿದಳು. ಕೈ ಅಲ್ಲೇ ಇಟ್ಟಳು. ಗಾಳಿಗೆ ಗೆಣಸಿನೆಲೆ ಒಂದಕ್ಕೊಂದು ತಾಗುತ್ತಿತ್ತು.

"ಥ್ಯಾಂಕ್ ಯೂ," ಅಂದಳು ಕೊನೆಗೆ. ತೋಗ್ಬಾನ ಕಡೆ ತಿರುಗಿ, "ದೇವರಿಗೆ ಹೇಳಿದ್ದು. ನಿನಗಲ್ಲ. ಕೇಳಿಸ್ತಾ?"

"ಕೇಳಿಸ್ತು, ತಾಯಿ."

ನವೆಂಬರಿನಲ್ಲಿ ಹಾಡದ ತುಟಿ. ಯಾವುದಕ್ಕೆ ಎಂದು ತಿಳಿದ ಮೇಲೆ ಹೇಳಿದ ಥ್ಯಾಂಕ್ಸು. ಅದಕ್ಕೆ ಹರಾಜಿಲ್ಲ.

ಚಪ್ಪಲಿ ಕಳಚಿ ಬಲಗಾಲು ಮುಂದೆ ಚಾಚಿದಳು. "ಈಗ ಹಿಡಿ."

ಹಿಡಿದ. ಹಣೆ ಮಣ್ಣಿಗೆ ತಾಗಿತು. ಅವಳು ಅವನ ತಲೆ ಮುಟ್ಟಿ, "ಏಳು," ಅಂದಳು. "ಆಯ್ತು" ಅನ್ನಲಿಲ್ಲ. ಅಗಸ್ಟಾ ಕಾದಳು, ನಾನೂ ಕಾದೆ. ಅನ್ನಲಿಲ್ಲ.

"ನಾಳೆ ಕೋರ್ಟಲ್ಲಿ ಯಾರಾದ್ರೂ ಕೇಳಿದ್ರೆ ಇದನ್ನೇ ಹೇಳ್ತೀಯಾ?"

ಹೌದೆಂದು ತಲೆಯಾಡಿಸಿದ. ಆಮೇಲೆ ಏಳದೆ, ಮೊಣಕಾಲಲ್ಲೇ ನನ್ನ ಕಡೆ ತಿರುಗಿದ. ಮೈಕಿಲ್ಲ, ಫೋಟೋ ಇಲ್ಲ. ಹೆಸರು ಹೇಳಿಯಾಗಿದೆ. ನಾನು ಕೇಳಿದ್ದು ಅಷ್ಟೇ ಅಲ್ಲವೆ?

ನನ್ನ ಕಾಲಲ್ಲಿ ಶೂ. ಲೇಸು ಬಿಗಿಯಾಗಿ ಕಟ್ಟಿತ್ತು. ಬಗ್ಗಿ ಅದಕ್ಕೆ ಕೈ ಹಾಕಿದೆ. ಬಿಚ್ಚಲಿಕ್ಕೋ, ಇನ್ನೂ ಬಿಗಿಯಲಿಕ್ಕೋ, ಆಗ ನನಗೇ ಗೊತ್ತಿರಲಿಲ್ಲ.