ಬೂತಾಯಿಯೂ ಬರುತ್ತಾಳೆ

ಅರ್ಶದ್,

ಅಸ್ಸಲಾಮು ಅಲೈಕುಂ. ಮದುವೆಯಾದ ಇಷ್ಟು ವರ್ಷಗಳಲ್ಲಿ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ ನಾನು. ಇವತ್ತು ಕರೆಯಬೇಕೆನಿಸಿತು, ಕರೆದೆ. ಫೋನಿನಲ್ಲಾದರೆ ಅರ್ಧ ಮಾತಿಗೇ ನೀವು ಬಾಯಿ ಹಾಕುತ್ತೀರಿ. ಅದಕ್ಕೇ ಶಾರ್ಜಾಕ್ಕೆ ಹೊರಟಿರುವ ನಿಮ್ಮ ಗೆಳೆಯ ಉಬೈದ್ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಪೂರ್ತಿ ಓದಿ.

ನನ್ನ ವೀಸಾ ಆಯಿತೆಂದ ಬಾಯಲ್ಲೇ ನೀವು ಹೇಳಿದಿರಿ: "ಆ ಬೆಕ್ಕನ್ನು ಎಲ್ಲಿಯಾದ್ರೂ ಬಿಟ್ಟು ಬಾ. ಮೀನು ಮಾರ್ಕೆಟ್ಟಲ್ಲಿ ಅದಕ್ಕೆ ಎಂತ ಕಮ್ಮಿ?" ಬಿಡುವುದಿಲ್ಲ. ಮೀನಿನ ಹೆಸರಿಟ್ಟು ಸಾಕಿದ ನನ್ನ ಬೂತಾಯಿ ನನ್ನ ಜೊತೆಗೇ ಬರುತ್ತಾಳೆ.

ನೀವು ಎರಡು ವರ್ಷಕ್ಕೊಮ್ಮೆ ಬರುತ್ತೀರಿ. ಎಲ್ಲರಿಗೂ ಸೆಂಟು, ಚಾಕಲೇಟು ಹಂಚಿ, ನೆಂಟರ ಮನೆಯ ಊಟಗಳನ್ನು ಮುಗಿಸಿ, ನಿಮ್ಮ ಮುಖ ನನಗೆ ಅಭ್ಯಾಸವಾಗುವಷ್ಟರಲ್ಲಿ ಹೊರಟು ನಿಲ್ಲುತ್ತೀರಿ. ಹೊಟ್ಟೆಯಲ್ಲಿದ್ದ ಮಗು ಉಳಿಯದೆ ನಾನು ಆಸ್ಪತ್ರೆಯಿಂದ ಬಂದು ಗೋಡೆಗೆ ಮುಖ ಮಾಡಿ ಮಲಗಿದ್ದಾಗ ನಿಮಗೆ ರಜೆ ಸಿಗಲಿಲ್ಲ. ದೂರುತ್ತಿಲ್ಲ. ಆದರೆ ಬೂತಾಯಿ ಇದ್ದಳು. ಅಡುಗೆಮನೆಯಿಂದ ಮೀನಿನ ವಾಸನೆ ಬಂದರೂ ಏಳದೆ, ಇಡೀ ದಿನ ನನ್ನ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಳು. ಅವಳನ್ನು ಮಾರ್ಕೆಟ್ಟಿನಲ್ಲಿ ಬಿಡಬೇಕಂತೆ!

ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಹಂಪನಕಟ್ಟೆಯಲ್ಲಿ ಬಸ್ಸು ಬದಲಿಸಿ, ಕದ್ರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಚುಚ್ಚುಮದ್ದು, ಕತ್ತಿನ ಚರ್ಮದಡಿಗೆ ಚಿಪ್, ರಕ್ತಪರೀಕ್ಷೆ, ಎಲ್ಲವೂ ನನ್ನ ಹೊಲಿಗೆಯ ದುಡಿಮೆಯಲ್ಲೇ ಆಯಿತು. ಬೆಕ್ಕೂ ಗಲ್ಫಿಗೆ ಹೊರಟಿದೆ ಎಂದಾಗ ಕಂಡಕ್ಟರ್ "ಎಂತ ಅಕ್ಕ, ಬೆಕ್ಕಿಗೂ ಪಾಸ್‌ಪೋರ್ಟ್ ಉಂಟಾ?" ಎಂದು ನಕ್ಕ. ಉಂಟು ಎಂದೆ.

ನಮ್ಮಲ್ಲಿ ಗಲ್ಫಿಗೆ ಹೊರಟವರ ಪೆಟ್ಟಿಗೆ ಅವರದ್ದಲ್ಲ, ಇಡೀ ಓಣಿಯದ್ದು. ನಿಮ್ಮ ಉಮ್ಮ ಎಂದಿನಂತೆ ನನ್ನನ್ನು ಕೇಳದೆಯೇ ತುಂಬಿಸಿಟ್ಟರು: ನಿಮ್ಮ ಗೆಳೆಯರಿಗೆ ಒಣಮೀನು, ಪಕ್ಕದ ಮನೆಯ ನಾಝಿಮಾಳ ಮಗನಿಗೆ ಹಲಸಿನ ಹಪ್ಪಳ, ಯಾರ್‍ಯಾರಿಗೋ ಉಪ್ಪಿನಕಾಯಿ. ಮೊನ್ನೆ ಬೂತಾಯಿ ಪೆಟ್ಟಿಗೆಯೊಳಗೇ ಕೂತು ಒಣಮೀನಿನ ಕಟ್ಟು ಹರಿದು ಹಬ್ಬ ಮಾಡಿದಳು. ನಿಮ್ಮ ಉಮ್ಮ ಪೊರಕೆ ಹಿಡಿದು ಬಂದರು. ನಾನು ಅಡ್ಡ ನಿಂತು ಕಟ್ಟುಗಳನ್ನೆಲ್ಲ ಹೊರಗಿಟ್ಟೆ. "ಮಾಮಿ, ನಾನು ಯಾರದ್ದೂ ಕೊಂಡುಹೋಗುವುದಿಲ್ಲ. ನನ್ನದನ್ನು ಮಾತ್ರ ಕೊಂಡುಹೋಗ್ತೇನೆ" ಎಂದೆ. ಜಗಳವಾಗುತ್ತದೆಂದೇ ಕಾದಿದ್ದೆ. ಅವರು ಪೊರಕೆ ಕೆಳಗಿಟ್ಟು ಬೆಕ್ಕಿನ ಪಕ್ಕ ಕೂತರು.

"ನಿನ್ನ ಮಾವ ಮೂವತ್ತು ವರ್ಷ ಅಲ್ಲಿದ್ರು ಮಾರಾಯ್ತಿ. ಒಂದು ಸಲವೂ ನನ್ನನ್ನು ಕರೀಲಿಲ್ಲ. ನಾನೂ ಬರ್ತೇನೆ ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರಲಿಲ್ಲ. ಕಟ್ಟು ಕಟ್ಟಿ ಕಳಿಸಿದೆ, ಅಷ್ಟೆ" ಎಂದರು. ಆಮೇಲೆ ಉಳಿದ ಒಣಮೀನನ್ನೂ ಬೂತಾಯಿಯ ಮುಂದೆ ಅವರೇ ಸುರಿದರು.

ನನಗೆ ಬಾಯಿ ಬಂದಿದೆ, ಅರ್ಶದ್. ಇಲ್ಲಿಂದ ಬೆಕ್ಕನ್ನು ವಿಮಾನದಲ್ಲಿ ಒಯ್ಯಲಾಗದಂತೆ, ಬೆಂಗಳೂರಿನಿಂದ ಇಬ್ಬರಿಗೂ ಟಿಕೆಟ್ ಆಗಿದೆ. ನೀವು ಏರ್‌ಪೋರ್ಟಿಗೆ ಬರುವ ಮೊದಲು ಬಾತ್‌ರೂಮಿನ ಮೂಲೆಯಲ್ಲಿ ಬೂತಾಯಿಯ ಕಕ್ಕಸಿಗೆಂದು ಒಂದು ಟ್ರೇ ಇಟ್ಟು ಮರಳು ತುಂಬಿಸಿಡಿ. ಆ ಊರಿನಲ್ಲಿ ಮರಳಿಗೇನೂ ಬರವಿಲ್ಲ. ಮನೆಯೊಳಗೆ ಕಾಲಿಟ್ಟ ಕೂಡಲೇ ನಾನು ನೋಡುವುದು ಅದನ್ನೇ. ಇದ್ದರೆ ಬುರ್ಖಾ ತೆಗೆದಿಟ್ಟು ನಿಮಗೆ ಚಹಾ ಮಾಡುತ್ತೇನೆ. ಇಲ್ಲದಿದ್ದರೆ ಪೆಟ್ಟಿಗೆ ಬಿಚ್ಚುವುದಿಲ್ಲ, ಬೂತಾಯಿಯನ್ನು ಎತ್ತಿಕೊಂಡು ಊರಿಗೆ ವಾಪಸು ಬರುತ್ತೇನೆ. ಬಾಗಿಲು ತೆರೆಯಲು ನಿಮ್ಮ ಉಮ್ಮ ಇದ್ದಾರೆ. ಅವರನ್ನು ಕೇಳಿಯೇ ಹೊರಟಿದ್ದೇನೆ.

ಅಲ್ಲಾಹು ನಿಮಗೆ ಆಯುಷ್ಯ, ಆರೋಗ್ಯ ಕೊಡಲಿ. ನಮ್ಮ ಮೂವರಿಗೂ ಒಂದೇ ಮನೆ ಕೊಡಲಿ.

ಹೊರಟು ನಿಂತಿರುವ,
ರೈಹಾನಾ